ಕ್ಯಾಟ್ ಸ್ಕೇಲ್ ವಿಮರ್ಶೆ: ಆಕ್ಸಲ್ ತೂಕಕ್ಕೆ ಹತ್ತಕ್ಕೆ ಒಂಬತ್ತು, ಡೀಸೆಲ್ ಲೆಕ್ಕ ನೀವೇ ಹಾಕಬೇಕು

ಕ್ಯಾಟ್ ಸ್ಕೇಲ್ ಅಂದರೆ ಅಮೆರಿಕದ ಟ್ರಕ್ ಸ್ಟಾಪುಗಳಲ್ಲಿ ಲಾರಿಯ ತೂಕವನ್ನು ಆಕ್ಸಲ್ ಲೆಕ್ಕದಲ್ಲಿ ಹೇಳುವ ಕಾಂಟಾ. ಅಲ್ಲಿ ಐದು ಆಕ್ಸಲಿನ ಸೆಮಿ ಟ್ರಕ್ (ಮುಂದೆ ಎಳೆಯುವ ಲಾರಿ, ಹಿಂದೆ ಅದಕ್ಕೆ ಕೂಡಿಸಿದ ಟ್ರೈಲರ್) ಓಡಿಸುವವರಿಗೆ ನಾಲ್ಕು ತೂಕದ ಮಿತಿ ಬಾಯಿಪಾಠ ಇರಲೇಬೇಕು. ಒಟ್ಟು ತೂಕ 80,000 ಪೌಂಡು, ಅಂದರೆ 36 ಟನ್ನಿನ ಮೇಲೆ ಮುನ್ನೂರು ಕಿಲೊ ಹತ್ತಿರ. ಡ್ರೈವ್ ಟ್ಯಾಂಡೆಮ್, ಅಂದರೆ ಎಂಜಿನ್ ತಿರುಗಿಸುವ ಲಾರಿಯ ಹಿಂದಿನ ಜೋಡಿ ಆಕ್ಸಲ್ ಮೇಲೆ 34,000. ಟ್ರೈಲರ್ ಟ್ಯಾಂಡೆಮ್ ಮೇಲೆ ಇನ್ನೊಂದು 34,000. ಮುಂದಿನ ಸ್ಟಿಯರ್ ಆಕ್ಸಲ್ ಮೇಲೆ 12,000. ಈ ಕೊನೆಯದನ್ನು ಎಲ್ಲರೂ ಕಾನೂನು ಅಂದುಕೊಂಡಿರುತ್ತಾರೆ, ಆದರೆ ಫೆಡರಲ್ ನಿಯಮದಲ್ಲಿ ಒಂಟಿ ಆಕ್ಸಲಿಗೆ 20,000 ತನಕ ಅವಕಾಶವಿದೆ. 12,000 ಬರುವುದು ಆಕ್ಸಲ್ ತಯಾರಕರ ರೇಟಿಂಗಿನಿಂದ. ಅದರ ಮೇಲೆ ಟೈರಿನ ಲೆಕ್ಕ ಬೇರೆ: 295/75ಆರ್22.5 ಅಳತೆಯ, ಲೋಡ್ ರೇಂಜ್ (ಹೊರುವ ಶಕ್ತಿಯ ದರ್ಜೆ) ಜಿ ಇರುವ ಟೈರು 110 ಪಿಎಸ್‌ಐ ಗಾಳಿಯಲ್ಲಿ 6,175 ಪೌಂಡು ಹೊರುತ್ತದೆ, ಎರಡು ಸೇರಿ 12,350. ಕೆಲವು ರಾಜ್ಯಗಳು ಟೈರಿನ ಅಗಲಕ್ಕೆ ಇಂಚಿಗೆ ಇಷ್ಟು ಅಂತ ಇನ್ನೊಂದು ಮಿತಿ ಹಾಕುತ್ತವೆ.

ನಮ್ಮೂರ ಕಡೆಯ ವೇಬ್ರಿಡ್ಜ್ ಚೀಟಿ ನೋಡಿ ರೂಢಿಯಾದವರಿಗೆ ಇಲ್ಲಿ ಮೊದಲು ಗೊಂದಲವಾಗುತ್ತದೆ. ಅಲ್ಲಿ ಇಡೀ ಲಾರಿ ಒಂದೇ ಹಲಗೆಯ ಮೇಲೆ ನಿಲ್ಲುತ್ತದೆ, ಚೀಟಿಯಲ್ಲಿ ಬರುವುದು ಒಟ್ಟು ತೂಕ, ಖಾಲಿ ತೂಕ, ಮಾಲಿನ ತೂಕ. ಯಾವ ಆಕ್ಸಲ್ ಮೇಲೆ ಎಷ್ಟು ಅನ್ನುವುದು ಚೀಟಿಯಲ್ಲಿ ಇರುವುದಿಲ್ಲ. ಅಮೆರಿಕದಲ್ಲಿ ಒಟ್ಟು ತೂಕ 78,000 ಇದ್ದೂ ಡ್ರೈವ್ ಮೇಲೆ 35,000 ಕೂತಿದ್ದರೆ ದಂಡ ಬೀಳುತ್ತದೆ. ಆಕ್ಸಲ್ ಆಕ್ಸಲಿಗೂ ಬೇರೆ ಬೇರೆ ತೂಗುವ ಕಾಂಟಾ ಬೇಕಾಗುವುದು ಈ ಕಾರಣಕ್ಕೆ.

ಆ ಕೆಲಸಕ್ಕೆ ಅಲ್ಲಿ ಹೆಚ್ಚು ಜನ ಹೋಗುವುದು ಕ್ಯಾಟ್ ಸ್ಕೇಲಿಗೆ. ಹೆಸರಿನ ವಿಸ್ತಾರ ‘ಸರ್ಟಿಫೈಡ್ ಆಟೊಮೇಟೆಡ್ ಟ್ರಕ್’. ಹಳದಿ ಯಂತ್ರ ಮಾಡುವ ಕ್ಯಾಟರ್‌ಪಿಲರಿಗೂ ಇದಕ್ಕೂ ಸಂಬಂಧವಿಲ್ಲ. ಅಯೋವಾ ರಾಜ್ಯದ ವಾಲ್ಕಾಟ್‌ನಲ್ಲಿ 1977ರಲ್ಲಿ ಬಿಲ್ ಮೂನ್ ಶುರು ಮಾಡಿದ ಕಂಪನಿ ಇದು. ಇವತ್ತು ಅಮೆರಿಕ, ಕೆನಡಾ ಸೇರಿ ಎರಡು ಸಾವಿರಕ್ಕೂ ಹೆಚ್ಚು ಕಡೆ ಇದೆ. ಪೈಲಟ್, ಲವ್ಸ್, ಟಿಎ, ಪೆಟ್ರೊ, ಯಾವ ದೊಡ್ಡ ಟ್ರಕ್ ಸ್ಟಾಪಿಗೆ ಹೋದರೂ ಸಾಮಾನ್ಯವಾಗಿ ಸಿಗುತ್ತದೆ. ಮೊದಲ ತೂಕಕ್ಕೆ ಹದಿನೈದು ಡಾಲರ್ ಆಸುಪಾಸು. ಅದೇ ಜಾಗದಲ್ಲಿ 24 ಗಂಟೆಯೊಳಗೆ ಅದೇ ಲಾರಿಯನ್ನು ಮತ್ತೆ ತೂಗಿದರೆ ರೀವೇ ದರ, ಅದು ತೀರಾ ಕಡಿಮೆ.

ಹಲಗೆ ಮೂರು ಭಾಗ. ಸ್ಟಿಯರ್ ಚಕ್ರ ಮೊದಲನೆಯದರ ಮೇಲೆ, ಡ್ರೈವ್ ಎರಡನೆಯದರ ಮೇಲೆ, ಟ್ರೈಲರ್ ಚಕ್ರ ಮೂರನೆಯದರ ಮೇಲೆ ಬರಬೇಕು. ನಿಲ್ಲಿಸಿ ಇಂಟರ್‌ಕಾಮ್ ಒತ್ತಿದರೆ ಒಳಗಿನವರು ಮೊದಲ ತೂಕವೋ ರೀವೇಯೋ ಅಂತ ಕೇಳುತ್ತಾರೆ, ಲಾರಿ ನಂಬರು ಬರೆದುಕೊಳ್ಳುತ್ತಾರೆ. ಆಮೇಲೆ ಇಳಿಸಿ ನಿಲ್ಲಿಸಿ, ಒಳಗೆ ಹೋಗಿ ಚೀಟಿ ತರಬೇಕು. ‘ವೇ ಮೈ ಟ್ರಕ್’ ಆ್ಯಪ್ ಇದ್ದರೆ ಕ್ಯಾಬಿನಲ್ಲೇ ಕೂತು ಮುಗಿಸಬಹುದು, ಚೀಟಿ ಮೇಲ್‌ಗೆ ಬರುತ್ತದೆ. ಇಂಟರ್‌ಕಾಮ್ ಗುಂಡಿ ಕೆಲವು ಕಡೆ ಕಿಟಕಿಯಿಂದ ಕೈ ಚಾಚಿದರೂ ಎಟುಕದಷ್ಟು ದೂರ ಇರುತ್ತದೆ. ಮಳೆಯಲ್ಲಿ ಅರ್ಧ ಮೈ ಹೊರಗೆ ಹಾಕಿ ಕೋಲಿನಿಂದ ಒತ್ತುವುದಕ್ಕಿಂತ ಆ್ಯಪ್ ವಾಸಿ.

ಚೀಟಿಯಲ್ಲಿ ಅಂಕಿ 20 ಪೌಂಡಿನ ಹೆಜ್ಜೆಯಲ್ಲಿ ಬರುತ್ತದೆ. 53 ಅಡಿ ಡ್ರೈ ವ್ಯಾನಿನ (ಮುಚ್ಚಿದ ಪೆಟ್ಟಿಗೆಯ ಟ್ರೈಲರ್) ಒಂದು ಮಾದರಿ ಚೀಟಿ ತೆಗೆದುಕೊಳ್ಳೋಣ:

ಸ್ಟಿಯರ್ ಆಕ್ಸಲ್ 11,860
ಡ್ರೈವ್ ಆಕ್ಸಲ್ 35,140
ಟ್ರೈಲರ್ ಆಕ್ಸಲ್ 31,420
ಒಟ್ಟು 78,420

ಒಟ್ಟು ತೂಕಕ್ಕೆ ತೊಂದರೆ ಇಲ್ಲ. ಡ್ರೈವ್ 1,140 ಪೌಂಡು ಜಾಸ್ತಿ. ಮಾಲು ಇಳಿಸಬೇಕಿಲ್ಲ, ಟ್ರೈಲರಿನ ಚಕ್ರದ ಜೋಡಿಯನ್ನು ಮುಂದಕ್ಕೆ ಸರಿಸಿದರೆ ಸಾಕು. ಚಕ್ರ ಭಾರದ ಹತ್ತಿರ ಬಂದಷ್ಟೂ ಅದು ಹೆಚ್ಚು ಹೊರುತ್ತದೆ, ಕಿಂಗ್‌ಪಿನ್ (ಟ್ರೈಲರನ್ನು ಲಾರಿಗೆ ಕೂಡಿಸುವ ಗೂಟ) ಮೇಲಿನ ಹೊರೆ ಇಳಿಯುತ್ತದೆ. ಡ್ರೈವ್ ಭಾರವಾದರೆ ಟ್ಯಾಂಡೆಮ್ ಮುಂದಕ್ಕೆ, ಟ್ರೈಲರ್ ಭಾರವಾದರೆ ಹಿಂದಕ್ಕೆ. ಹೊಸಬರು ಇದನ್ನು ಉಲ್ಟಾ ಮಾಡಿ ರೀವೇಗೆ ಬಂದಾಗ ಡ್ರೈವ್ 36,000 ದಾಟಿರುತ್ತದೆ.

ಟ್ರೈಲರಿನ ಅಡಿಯ ಹಳಿಯಲ್ಲಿ ಸಾಲಾಗಿ ತೂತುಗಳಿರುತ್ತವೆ, ಚಕ್ರದ ಜೋಡಿಯನ್ನು ಪಿನ್ನುಗಳು ಆ ತೂತಿನಲ್ಲಿ ಕೂತು ಹಿಡಿದಿರುತ್ತವೆ. ಎಷ್ಟು ತೂತು ಸರಿಸಬೇಕು? ಕಿಂಗ್‌ಪಿನ್ನಿನಿಂದ ಟ್ಯಾಂಡೆಮ್ ನಡುವಿಗೆ ಸುಮಾರು 40 ಅಡಿ, ಅದರ ಮೇಲಿನ ತೂಕ ಮೂವತ್ತು ಸಾವಿರದ ಮೇಲೆ. ತೂತುಗಳ ಅಂತರ 6 ಇಂಚು, ಅಂದರೆ ಅರ್ಧ ಅಡಿ. 32,000ವನ್ನು 40ರಿಂದ ಭಾಗಿಸಿ ಅರ್ಧ ಮಾಡಿದರೆ ಒಂದು ತೂತಿಗೆ 400 ಪೌಂಡು. ಕೆಲವು ಟ್ರೈಲರಿನಲ್ಲಿ ತೂತು 4 ಇಂಚಿಗೊಂದು ಇರುತ್ತದೆ, ಆಗ 250ರಿಂದ 280. ಯಾವುದು ಅಂತ ಟೇಪು ಹಿಡಿದು ನೋಡಿ, ಊಹೆ ಬೇಡ. ನಮ್ಮ ಚೀಟಿಗೆ ಮೂರು ತೂತು ಸರಿಸಿದರೆ ಡ್ರೈವ್ 34,000ದ ಅಂಚಿಗೆ ಬಂದು ನಿಲ್ಲುತ್ತದೆ, ಅದನ್ನು ನಂಬಿ ಹೊರಡುವ ಹಾಗಿಲ್ಲ. ನಾಲ್ಕು ಸರಿಸಿ ರೀವೇ ಮಾಡಿದರೆ ಹೀಗೆ ಬರುತ್ತದೆ:

ಸ್ಟಿಯರ್ 11,780
ಡ್ರೈವ್ 33,620
ಟ್ರೈಲರ್ 33,020
ಒಟ್ಟು 78,420

ಸ್ಟಿಯರ್ ಮೇಲೂ 80 ಪೌಂಡು ಇಳಿದಿದೆ, ಗಮನಿಸಿ. ಫಿಫ್ತ್ ವೀಲ್ (ಕಿಂಗ್‌ಪಿನ್ ಕೂರುವ, ಲಾರಿಯ ಮೇಲಿನ ತಟ್ಟೆ) ಡ್ರೈವ್ ಟ್ಯಾಂಡೆಮ್ಮಿನ ನಡುವಿಗಿಂತ ತುಸು ಮುಂದೆ ಇರುವುದರಿಂದ ಕಿಂಗ್‌ಪಿನ್ ಹೊರೆಯಲ್ಲಿ ಚೂರು ಪಾಲು ಯಾವಾಗಲೂ ಮುಂದಕ್ಕೆ ಹೋಗುತ್ತದೆ.

ಸರಿಸುವ ಕೆಲಸಕ್ಕೆ ಸಮತಟ್ಟಾದ, ನೇರ ಜಾಗ ಬೇಕು. ಲಾರಿ ನಿಲ್ಲಿಸಿ ಇಳಿದು ಟ್ಯಾಂಡೆಮ್ ಹತ್ತಿರದ ಹಿಡಿಕೆ ಎಳೆದು, ನಾಲ್ಕೂ ಪಿನ್ನು ಒಳಕ್ಕೆ ಹೋಗಿದೆಯಾ ಬಗ್ಗಿ ನೋಡಿ. ಬೇಕಾದ ತೂತಿನಲ್ಲಿ ಸ್ಟಾಪ್ ಬಾರ್ (ಜಾರುವುದನ್ನು ಅಲ್ಲಿಗೆ ತಡೆಯುವ ಸರಳು) ಇಡಿ. ಕ್ಯಾಬಿನಲ್ಲಿ ಕೆಂಪು ಗುಬುಟು ಎಳೆದರೆ ಟ್ರೈಲರ್ ಬ್ರೇಕು ಬಿಗಿಯುತ್ತದೆ, ಚಕ್ರ ನೆಲಕ್ಕೆ ಕಚ್ಚಿಕೊಂಡಿರುತ್ತದೆ. ಈಗ ನಿಧಾನಕ್ಕೆ ರಿವರ್ಸ್ ತೆಗೆದುಕೊಂಡರೆ ಪೆಟ್ಟಿಗೆ ಹಿಂದಕ್ಕೆ ಜಾರುತ್ತದೆ, ಅಂದರೆ ಚಕ್ರ ಮುಂದಕ್ಕೆ ಬಂದ ಹಾಗೆ. ಹಿಂದಕ್ಕೆ ಸರಿಸಬೇಕಾದರೆ ಲಾರಿಯನ್ನು ಮುಂದಕ್ಕೆ ತೆಗೆದುಕೊಳ್ಳಬೇಕು. ಹಿಡಿಕೆ ಬಿಟ್ಟ ಮೇಲೆ ಹಿಂದೆ ಮುಂದೆ ಅಲ್ಲಾಡಿಸಿದರೆ ಪಿನ್ನುಗಳು ಟಕ್ಕೆಂದು ಕೂರುತ್ತವೆ. ಸದ್ದು ಕೇಳಿಸಿತು ಅಂತ ಹೊರಟುಬಿಡಬೇಡಿ. ನಾಲ್ಕರಲ್ಲಿ ಒಂದು ಅರ್ಧಕ್ಕೆ ನಿಂತಿರಬಹುದು, ಇಳಿದು ಎರಡೂ ಬದಿ ಟಾರ್ಚು ಬಿಟ್ಟು ನೋಡಿ, ಆಮೇಲೆ ಟ್ರೈಲರ್ ಬ್ರೇಕು ಹಾಕಿಕೊಂಡೇ ಒಮ್ಮೆ ಜಗ್ಗಿ ನೋಡಿ. ಪಿನ್ನು ಪೂರ್ತಿ ಕೂರದೆ ಹೈವೇಯಲ್ಲಿ ಗಟ್ಟಿ ಬ್ರೇಕು ಹಿಡಿದರೆ ಟ್ಯಾಂಡೆಮ್ ಕಳಚಿಕೊಂಡು ಹಿಂದೆ ಉಳಿಯಬಹುದು. ಉಪ್ಪು ಚೆಲ್ಲುವ ಚಳಿ ರಾಜ್ಯಗಳಲ್ಲಿ ಓಡಿದ ಟ್ರೈಲರಾದರೆ ಪಿನ್ನು ತುಕ್ಕು ಹಿಡಿದು ತೂತಿನಿಂದ ಹೊರಗೇ ಬರುವುದಿಲ್ಲ. ಆಗ ಒಬ್ಬರು ಹಿಡಿಕೆ ಎಳೆದು ಹಿಡಿದಿರಬೇಕು, ಇನ್ನೊಬ್ಬರು ಲಾರಿಯನ್ನು ಇಂಚಿಂಚು ಅಲ್ಲಾಡಿಸಬೇಕು.

ಚೀಟಿ ತಪ್ಪು ಹೇಳಿತು ಅಂತ ದೂರುವವರಲ್ಲಿ ಹೆಚ್ಚಿನವರು ತೂಗಿದ ರೀತಿಯಲ್ಲೇ ಎಡವಿರುತ್ತಾರೆ. ಚಕ್ರ ಎರಡು ಹಲಗೆಯ ಸಂದಿಯ ಮೇಲೆ ನಿಂತಿದ್ದರೆ ತೂಕ ಎರಡು ಕಡೆಗೂ ಹಂಚಿಹೋಗುತ್ತದೆ. ಬ್ರೇಕು ಗಟ್ಟಿ ಹಿಡಿದು ನಿಲ್ಲಿಸಿದಾಗ ಲಾರಿ, ಟ್ರೈಲರ್ ಒಂದನ್ನೊಂದು ತಳ್ಳಿಕೊಂಡೇ ನಿಂತಿರುತ್ತವೆ, ಏರ್ ಸಸ್ಪೆನ್ಶನ್ (ಸ್ಪ್ರಿಂಗಿನ ಬದಲು ಭಾರ ಹೊರುವ ಗಾಳಿ ಚೀಲಗಳು) ಮಟ್ಟಕ್ಕೆ ಬಂದಿರುವುದಿಲ್ಲ. ಮೆಲ್ಲಗೆ ನಿಲ್ಲಿಸಿ, ಬ್ರೇಕು ಸಡಿಲ ಬಿಟ್ಟು, ನಾಲ್ಕೈದು ಉಸಿರಿನಷ್ಟು ಹೊತ್ತು ಕಾದು ಆಮೇಲೆ ಗುಂಡಿ ಒತ್ತಿ.

ಆದರೆ ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಡೀಸೆಲ್ ವಿಷಯದಲ್ಲಿ. ಡೀಸೆಲ್ ಒಂದು ಗ್ಯಾಲನ್ನಿಗೆ ಸುಮಾರು 7 ಪೌಂಡು. ಮೇಲಿನ ರೀವೇ ಚೀಟಿ ಹಿಡಿದು ಖುಷಿಯಿಂದ ಪಂಪಿಗೆ ಹೋಗಿ 120 ಗ್ಯಾಲನ್ ತುಂಬಿಸಿದರೆ 840 ಪೌಂಡು ಏರುತ್ತದೆ. ಟ್ಯಾಂಕ್ ಇರುವುದು ಸ್ಟಿಯರಿಗೂ ಡ್ರೈವಿಗೂ ನಡುವೆ. ಅರ್ಧರ್ಧ ಹಂಚಿಹೋಯಿತು ಅಂದುಕೊಂಡರೆ ಸ್ಟಿಯರ್ 12,200, ಡ್ರೈವ್ 34,040. ಕೈಯಲ್ಲಿ ಸರಿಯಾದ ಚೀಟಿ ಇದೆ, ಲಾರಿ ಮಾತ್ರ ಎರಡು ಕಡೆ ಮಿತಿ ದಾಟಿದೆ! ಮೊದಲು ಡೀಸೆಲ್, ಆಮೇಲೆ ತೂಕ. ಅದು ಆಗದಿದ್ದರೆ ಇನ್ನೊಂದು ತೂತು ಮುಂದಕ್ಕೆ ಸರಿಸಿಟ್ಟುಕೊಳ್ಳಿ. ಡ್ರೈವಿಗೆ ಅದರಿಂದ ಜಾಗ ಸಿಗುತ್ತದೆ, ಸ್ಟಿಯರಿಗೆ ಮಾತ್ರ ಅಷ್ಟಾಗಿ ಸಿಗುವುದಿಲ್ಲ. ಅದಕ್ಕೆ ಡೀಸೆಲನ್ನೇ ಕಡಿಮೆ ಹಾಕಿಸಬೇಕು.

ಈಗ ಮೈಲೇಜಿನ ಮಾತು. ‘ಆಕ್ಸಲ್ ಸಮ ಮಾಡಿದರೆ ಡೀಸೆಲ್ ಉಳಿಯುತ್ತದೆ’ ಎಂದು ಟ್ರಕ್ ಸ್ಟಾಪಿನಲ್ಲಿ ಕೇಳಿಬರುತ್ತದೆ. ಅರ್ಧ ಸತ್ಯ. ಟೈರು ಉರುಳುವಾಗಿನ ತಡೆ ಒಟ್ಟು ತೂಕವನ್ನು ಹಿಡಿದು ಇರುತ್ತದೆ. 1,600 ಪೌಂಡನ್ನು ಡ್ರೈವಿನಿಂದ ತೆಗೆದು ಟ್ರೈಲರ್ ಚಕ್ರದ ಮೇಲೆ ಹಾಕಿದರೆ ಅಲ್ಲಿ ಇಳಿದದ್ದು ಇಲ್ಲಿ ಏರುತ್ತದೆ, ಮೈಲೇಜಿನಲ್ಲಿ ಕಾಣುವಂಥ ವ್ಯತ್ಯಾಸ ಬರುವುದಿಲ್ಲ. ತೂಕದ ಹಂಚಿಕೆ ಡೀಸೆಲನ್ನು ಮುಟ್ಟುವುದು ಸುತ್ತುದಾರಿಯಲ್ಲಿ, ಕ್ಯಾಬಿನ ಬೆನ್ನಿಗೂ ಟ್ರೈಲರಿನ ಮೂತಿಗೂ ನಡುವಿನ ಸಂದಿಯ ಮೂಲಕ.

ಆ ಸಂದಿಯಲ್ಲಿ ಗಾಳಿ ಸುಳಿದು ಲಾರಿಯನ್ನು ಹಿಂದಕ್ಕೆ ಎಳೆಯುತ್ತದೆ. ಎಂಜಿನ್ ಮಾಡುವ ಕಮಿನ್ಸ್ ಕಂಪನಿ ಕೊಡುವ ಅಂದಾಜಿನಲ್ಲಿ ಸಂದಿ 30 ಇಂಚಿಗಿಂತ ಹೆಚ್ಚಾದ ಮೇಲೆ ಪ್ರತಿ 10 ಇಂಚಿಗೆ ಗಾಳಿಯ ತಡೆ ಶೇ. 2 ಏರುತ್ತದೆ, ಗಾಳಿಯ ತಡೆ ಶೇ. 2 ಇಳಿದರೆ ಡೀಸೆಲ್ ಶೇ. 1 ಉಳಿಯುತ್ತದೆ. ಹಾಗಾದರೆ ಫಿಫ್ತ್ ವೀಲನ್ನು ಮುಂದಕ್ಕೆ ತಳ್ಳಿ ಸಂದಿ ಕಿರಿದು ಮಾಡೋಣ ಅನ್ನಿಸುತ್ತದೆ. ತಳ್ಳಿದ ಕೂಡಲೇ ಸ್ಟಿಯರ್ ಭಾರವಾಗುತ್ತದೆ. ಕಿಂಗ್‌ಪಿನ್ ಹೊರೆ 27,000, ವೀಲ್‌ಬೇಸ್ (ಸ್ಟಿಯರಿನಿಂದ ಡ್ರೈವ್ ನಡುವಿನ ತನಕದ ದೂರ) 230 ಇಂಚು ಇದ್ದರೆ ಇಂಚಿಗೆ 117 ಪೌಂಡು. 6 ಇಂಚು ತಳ್ಳಿದರೆ 700. ನಮ್ಮ 11,780 ಈಗ 12,480 ಆಯಿತು. 12,000ದ ಆಕ್ಸಲಿಗೂ ಹೆಚ್ಚು, ಜಿ ರೇಂಜ್ ಟೈರಿಗೂ ಹೆಚ್ಚು.

ಇಷ್ಟು ಒದ್ದಾಡಿ ಸಿಗುವುದೆಷ್ಟು? ವರ್ಷಕ್ಕೆ ಒಂದು ಲಕ್ಷ ಮೈಲಿ, ಗ್ಯಾಲನ್ನಿಗೆ 7 ಮೈಲಿ ಅಂತಿಟ್ಟುಕೊಂಡರೆ ಸುಡುವುದು 14,286 ಗ್ಯಾಲನ್. 6 ಇಂಚಿನ ಉಳಿತಾಯ ಶೇ. 0.6, ಅಂದರೆ ವರ್ಷಕ್ಕೆ 86 ಗ್ಯಾಲನ್. ಅದೇ ಕಮಿನ್ಸ್ ಅಂದಾಜಿನಲ್ಲಿ 55 ಮೈಲಿ ವೇಗ ದಾಟಿದ ಮೇಲೆ ಪ್ರತಿ ಒಂದು ಮೈಲಿ ವೇಗಕ್ಕೆ ಮೈಲೇಜು 0.1 ಇಳಿಯುತ್ತದೆ. 65ರಲ್ಲಿ ಓಡುವವರು 62ಕ್ಕೆ ಇಳಿದರೆ 7 ಇದ್ದದ್ದು 7.3 ಆಗಿ ವರ್ಷಕ್ಕೆ 587 ಗ್ಯಾಲನ್ ಉಳಿಯುತ್ತದೆ. ಟೈರಿನ ಗಾಳಿ 10 ಪಿಎಸ್‌ಐ ಕಡಿಮೆ ಇದ್ದರೆ ಶೇ. 1 ಹೋಗುತ್ತದೆ. ಹಾಗಾಗಿ ನಮ್ಮ ಮಟ್ಟಿಗೆ ಕ್ರಮ ಸ್ಪಷ್ಟ: ಫಿಫ್ತ್ ವೀಲನ್ನು ಸ್ಟಿಯರ್ ಮಿತಿ ಒಪ್ಪುವಷ್ಟು ಮಾತ್ರ ಮುಂದಿಟ್ಟು ಒಮ್ಮೆ ಕೂರಿಸಿಬಿಡಿ. ಪೂರ್ತಿ ಟ್ಯಾಂಕ್, ಪೂರ್ತಿ ಲೋಡು ಇರುವಾಗಲೂ ಸ್ಟಿಯರ್ 12,000 ದಾಟಬಾರದು. ಆಮೇಲೆ ಪ್ರತಿ ಲೋಡಿಗೆ ಟ್ಯಾಂಡೆಮ್ ಮಾತ್ರ ಸರಿಸಿ. ದಿನವೂ ಭಾರದ ಮಾಲೇ ಎಳೆಯುವವರು 13,200ರ ಆಕ್ಸಲ್, ಎಚ್ ರೇಂಜ್ ಟೈರು ಹಾಕಿಸಿಕೊಂಡರೆ ಸಂದಿ ಕಿರಿದು ಮಾಡಲು ಜಾಗ ಸಿಗುತ್ತದೆ.

ಟ್ಯಾಂಡೆಮ್ ಸರಿಸಲೂ ಎಲ್ಲೆಯಿದೆ. ತೀರಾ ಮುಂದೆ ತಂದರೆ ತಿರುವಿನಲ್ಲಿ ಟ್ರೈಲರಿನ ಬಾಲ ಪಕ್ಕದ ಲೇನಿಗೆ ಬೀಸುತ್ತದೆ. ಹಿಂದೆ ಬಿಟ್ಟರೆ ತಿರುವಿಗೆ ಜಾಗ ಹೆಚ್ಚು ಬೇಕು, ಜೊತೆಗೆ ಕಾನೂನು ಅಡ್ಡ ಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಕಿಂಗ್‌ಪಿನ್ನಿನಿಂದ ಕೊನೆಯ ಆಕ್ಸಲಿನ ನಡುವಿಗೆ 40 ಅಡಿ, ಅದಕ್ಕಿಂತ ಹೆಚ್ಚಿರಬಾರದು. ಬೇರೆ ರಾಜ್ಯಗಳಲ್ಲಿ ಅಳತೆಯೂ ಬೇರೆ, ಎಲ್ಲಿಂದ ಎಲ್ಲಿಗೆ ಅಳೆಯುತ್ತಾರೆ ಅನ್ನುವುದೂ ಬೇರೆ. ಟ್ರೈಲರ್ ಭಾರವಾಗಿದೆ, ಹಿಂದಕ್ಕೆ ಸರಿಸುವ ಹಾಗೂ ಇಲ್ಲ ಅಂದರೆ ಲೋಡು ಮಾಡಿದ ಕಡೆಗೇ ವಾಪಸು ಹೋಗಿ ಪ್ಯಾಲೆಟ್ ಜರುಗಿಸಬೇಕು. ಅಲ್ಲೂ ಲೆಕ್ಕ ಇಟ್ಟುಕೊಳ್ಳಿ: 1,800 ಪೌಂಡಿನ ಪ್ಯಾಲೆಟ್ಟನ್ನು 4 ಅಡಿ ಜರುಗಿಸಿದರೆ ಬದಲಾಗುವುದು ಬರೀ 180 ಪೌಂಡು. ಬಾಲದಿಂದ ಮೂತಿಯ ಕಡೆಗೆ 40 ಅಡಿ ಒಯ್ದರೆ ಪೂರ್ತಿ 1,800. ಒಂದೆರಡು ಪ್ಯಾಲೆಟ್ ಚೂರು ಮುಂದೆ ನೂಕಿ ‘ಸರಿಹೋಯ್ತು’ ಅನ್ನುವ ಫೋರ್ಕ್‌ಲಿಫ್ಟಿನವರ ಮಾತು ನಂಬಬೇಡಿ.

ಚೀಟಿ ಹೇಳದೆ ಬಿಡುವುದೂ ಕೆಲವಿದೆ. ಆಕ್ಸಲುಗಳ ನಡುವಿನ ದೂರ ಅದಕ್ಕೆ ಗೊತ್ತಿಲ್ಲ. ಸೇತುವೆಗಳ ಮೇಲೆ ಭಾರ ಒಂದೇ ಕಡೆ ಬೀಳದಂತೆ ಮಾಡಿದ ಫೆಡರಲ್ ಬ್ರಿಡ್ಜ್ ಫಾರ್ಮುಲಾ ಪ್ರಕಾರ ಐದು ಆಕ್ಸಲಿನ ಮೇಲೆ 80,000 ಹಾಕಬೇಕಾದರೆ ಮೊದಲನೆಯದರಿಂದ ಕೊನೆಯದಕ್ಕೆ 51 ಅಡಿ ಇರಬೇಕು. 53 ಅಡಿ ವ್ಯಾನಿಗೆ ಇದು ತಲೆನೋವಲ್ಲ, ಚಿಕ್ಕ ಟ್ರೈಲರಿಗೆ ಚಿಕ್ಕ ಲಾರಿ ಕಟ್ಟಿದವರು ಟೇಪು ಹಿಡಿಯಲೇಬೇಕು. ಸ್ಪ್ರೆಡ್ ಆಕ್ಸಲಿನ, ಅಂದರೆ ಟ್ರೈಲರಿನ ಎರಡು ಆಕ್ಸಲ್ ದೂರ ದೂರ ಇರುವ, ಫ್ಲಾಟ್‌ಬೆಡ್‌ನವರಿಗೆ (ಗೋಡೆ ಚಾವಣಿ ಇಲ್ಲದ ಟ್ರೈಲರ್) ಇನ್ನೊಂದು ತೊಡಕು. ಎರಡು ಆಕ್ಸಲಿನ ನಡುವೆ 10 ಅಡಿ ಇದ್ದರೆ ಒಂದೊಂದಕ್ಕೂ 20,000, ಒಟ್ಟು 40,000 ಸಿಗುತ್ತದೆ. ಆದರೆ ಚೀಟಿಯಲ್ಲಿ ಎರಡೂ ಸೇರಿ ಒಂದೇ ಅಂಕಿ. ಒಂದರ ಮೇಲೆ 20,800, ಇನ್ನೊಂದರ ಮೇಲೆ 18,600 ಇದ್ದರೂ 39,400 ಅಂತ ಚೆನ್ನಾಗಿಯೇ ಕಾಣುತ್ತದೆ. ಒಂದು ಆಕ್ಸಲ್ ಮಾತ್ರ ಹಲಗೆಯ ಮೇಲೆ ಬರುವ ಹಾಗೆ ನಿಲ್ಲಿಸಿ ಎರಡನೇ ಸಲ ತೂಗದೆ ಇದು ಗೊತ್ತಾಗುವುದಿಲ್ಲ.

ಎಪಿಯು (ದೊಡ್ಡ ಎಂಜಿನ್ ಆರಿಸಿದಾಗ ಕ್ಯಾಬಿನಿಗೆ ವಿದ್ಯುತ್ತು, ಎಸಿ ಕೊಡುವ ಸಣ್ಣ ಯಂತ್ರ) ಹಾಕಿಸಿಕೊಂಡವರಿಗೆ ಒಂದು ಸಣ್ಣ ರಿಯಾಯಿತಿ ಇದೆ. ಫೆಡರಲ್ ಕಾನೂನು 2012ರಿಂದ ಅದಕ್ಕೆಂದು 550 ಪೌಂಡು ತನಕ ಹೆಚ್ಚುವರಿ ತೂಕಕ್ಕೆ ಅವಕಾಶ ಕೊಟ್ಟಿದೆ. ಆದರೆ ಒಪ್ಪುವುದು ಬಿಡುವುದು ರಾಜ್ಯಕ್ಕೆ ಬಿಟ್ಟದ್ದು, ಎಪಿಯುನ ತೂಕ ತೋರಿಸುವ ಕಾಗದವೂ ಕೈಯಲ್ಲಿರಬೇಕು. ದೊಡ್ಡ ಎಂಜಿನ್ ಸುಮ್ಮನೆ ನಿಂತು ಉರಿದರೆ ಗಂಟೆಗೆ ಮುಕ್ಕಾಲು ಗ್ಯಾಲನ್ನಿಗೂ ಮೇಲೆ ಕುಡಿಯುವುದರಿಂದ, ರಾತ್ರಿ ಲಾರಿಯಲ್ಲೇ ಮಲಗುವವರಿಗೆ ಈ ತೂಕ ಹೊರುವುದು ಲಾಭವೇ.

ಹದಿನೈದು ಡಾಲರನ್ನು ಪ್ರತಿ ಲೋಡಿಗೂ ಕೊಡಬೇಕಾ? ಬೇಡ, ಚೀಟಿಯನ್ನು ಒಮ್ಮೆ ಸರಿಯಾಗಿ ಬಳಸಿಕೊಂಡರೆ ಸಾಕು. ಏರ್ ಸಸ್ಪೆನ್ಶನ್ ಇರುವ ಲಾರಿಯಲ್ಲಿ ಏರ್ ಬ್ಯಾಗಿನ ಒತ್ತಡ ತೋರಿಸುವ ಗೇಜು ಇರುತ್ತದೆ, ಇಲ್ಲದಿದ್ದರೆ ಹಾಕಿಸಬಹುದು. ಖಾಲಿ ಇದ್ದಾಗ ಒಂದು ಸಲ, ತುಂಬಿದಾಗ ಒಂದು ಸಲ ತೂಗಿಸಿ, ಎರಡೂ ಸಲ ಗೇಜಿನ ಅಂಕಿಯನ್ನು ಚೀಟಿಯ ಹಿಂದೆ ಬರೆದಿಡಿ. ಡ್ರೈವ್ 13,400 ಇದ್ದಾಗ 12 ಪಿಎಸ್‌ಐ, 33,620 ಇದ್ದಾಗ 58 ಪಿಎಸ್‌ಐ ತೋರಿಸಿತು ಅನ್ನಿ. 20,220 ಪೌಂಡಿಗೆ 46 ಪಿಎಸ್‌ಐ, ಅಂದರೆ ಒಂದು ಪಿಎಸ್‌ಐಗೆ 440 ಪೌಂಡು. ಮುಳ್ಳು 58 ದಾಟಿತೆಂದರೆ ಮಿತಿ ಹತ್ತಿರ ಬಂತು ಅಂತಲೇ ಅರ್ಥ. ಲೋಡಿಂಗ್ ಡಾಕಿನಿಂದ ಹೊರಡುವ ಮುಂಚೆಯೇ ಇದು ಗೊತ್ತಾಗುತ್ತದೆ, ಹತ್ತಾರು ಮೈಲಿ ದೂರದ ಕಾಂಟಾಕ್ಕೆ ಹೋಗಿ ವಾಪಸು ಬರುವುದು ತಪ್ಪುತ್ತದೆ. ಸ್ಟಿಯರ್ ಆಕ್ಸಲಿಗೆ ಹೆಚ್ಚಿನ ಲಾರಿಗಳಲ್ಲಿ ಪಟ್ಟಿ ಸ್ಪ್ರಿಂಗೇ ಇರುವುದರಿಂದ ಆ ಅಂಕಿ ಗೇಜಿನಲ್ಲಿ ಸಿಗುವುದಿಲ್ಲ. ಒಟ್ಟು 76,000 ಒಳಗಿನ ಲೋಡಿಗೆ ನಾವು ಗೇಜನ್ನೇ ನಂಬಿ ಅನ್ನುತ್ತೇವೆ. ಅದಕ್ಕಿಂತ ಮೇಲಾದರೆ, ಅಥವಾ ಸೀಲ್ ಮಾಡಿದ ಟ್ರೈಲರಾಗಿ ಒಳಗೆ ಮಾಲು ಹೇಗೆ ಜೋಡಿಸಿದ್ದಾರೆ ಗೊತ್ತಿಲ್ಲದಿದ್ದರೆ, ಕಾಂಟಾ ಹತ್ತಿಸದೆ ಹೊರಡಬೇಡಿ.

ಕ್ಯಾಟ್ ಸ್ಕೇಲ್ ಕಾಸು ಕೇಳಲು ಹಕ್ಕು ಪಡೆಯುವುದು ಅದರ ಗ್ಯಾರಂಟಿಯಿಂದ. ಚೀಟಿಯಲ್ಲಿ ತೂಕ ಮಿತಿಯೊಳಗೆ ಇದ್ದು, ಆಮೇಲೆ ಸರ್ಕಾರಿ ಕಾಂಟಾದಲ್ಲಿ ಹೆಚ್ಚು ಬಂದು ದಂಡ ಬಿದ್ದರೆ ಕಂಪನಿ ತನ್ನ ಕಾಂಟಾವನ್ನು ಕೂಡಲೇ ಪರೀಕ್ಷಿಸುತ್ತದೆ. ತಪ್ಪು ತನ್ನದಾದರೆ ದಂಡದ ಹಣ ಕೊಡುತ್ತದೆ, ತನ್ನದು ಸರಿ ಇದ್ದರೆ ಚಾಲಕರ ಪರವಾಗಿ ಕೋರ್ಟಿಗೆ ಸಾಕ್ಷಿ ಕಳಿಸುತ್ತದೆ. ಕಾರ್ಖಾನೆಯವರ ಸ್ವಂತ ಕಾಂಟಾದಲ್ಲಿ ಪುಕ್ಕಟೆ ತೂಗಿದ ಚೀಟಿಗೆ ಈ ಬಲ ಇಲ್ಲ. ಅರ್ಧ ಅಂಕ ಕಳೆಯುವುದು ಬೆಳಗ್ಗೆ ಎಲ್ಲರೂ ಹೊರಡುವ ಹೊತ್ತಿನ ಸಾಲಿಗೆ, ಇನ್ನರ್ಧ ಸ್ಪ್ರೆಡ್ ಆಕ್ಸಲಿನವರು ಎರಡು ಸಲ ತೂಗಬೇಕಾದ್ದಕ್ಕೆ. ಚೀಟಿಯನ್ನು ಮಾಲು ಇಳಿಸುವ ತನಕ ಜೋಪಾನ ಮಾಡಿ. ಸಿಕ್ಕಿದ ಕೂಡಲೇ ಫೋನಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.